ಮದುವೆಯೂ ಭಾವಚಿತ್ರವೂ

ಕಣ್ಣಿಗೆ ಸೇರಿದ ವಿಷಯವನ್ನು ಕಿವಿಗೆ ಹೇಳಬೇಕಾದ ಇಕ್ಕಟ್ಟು ಇಂದು ನನ್ನದು. ರೇಡಿಯೊದಲ್ಲಿ ಭಾವಚಿತ್ರದ ಮಾತನಾಡುವುದೆಂದರೆ ಮಲ್ಲಿಗೆಯ ಪರಿಮಳವನ್ನು ಅಂಚೆಯಲ್ಲಿ ಬರೆದು ಕಳಿಸಿದ ಹಾಗೆ. ಆದರೆ ಒಂದು ಅನುಕೂಲವೂ ಉಂಟು. ಕೇಳುತ್ತಿರುವ ತಮ್ಮಲ್ಲಿ ಪ್ರತಿಯೊಬ್ಬರ ಮನೆಯಲ್ಲೂ, ಬೀರುವಿನ ಮೇಲೋ, ಟ್ರಂಕಿನ ತಳದಲ್ಲೋ, ಕಿರಿಯರಾದರೆ ಅಂಗೈಯಲ್ಲಿರುವ ಮೊಬೈಲಿನೊಳಗೋ, ಮದುವೆಯ ಚಿತ್ರಗಳು ಇದ್ದೇ ಇರುತ್ತವೆ. ನಾನು ಹೇಳುವುದನ್ನು ಅವುಗಳಲ್ಲಿ ಹುಡುಕಿಕೊಳ್ಳುವ ಭಾರ ತಮ್ಮದು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮದುವೆ ನಿಶ್ಚಯವಾದ ಮನೆಯಲ್ಲಿ ಮೊದಲು ಹುಟ್ಟುವುದು ಪಟ್ಟಿ. ಅಕ್ಕಿ, ಬೇಳೆ, ಬೆಲ್ಲ, ತುಪ್ಪ. ಅರಿಸಿನ, ಕುಂಕುಮ, ಅಡಕೆ, ವೀಳ್ಯದೆಲೆ, ಕೊಬ್ಬರಿ. ಧಾರೆಯ ಸೀರೆ, ಬಾಸಿಂಗ, ಕಾಲುಂಗುರ. ಛತ್ರ, ಅಡಿಗೆಯವರು, ವಾಲಗದವರು. ಪುರೋಹಿತರು ಬರೆದುಕೊಡುವ ಪಟ್ಟಿಯಲ್ಲಂತೂ ದರ್ಭೆಯ ಒಂದು ಕಟ್ಟು, ಹತ್ತಿಯ ಒಂದು ಬತ್ತಿಯೂ ತಪ್ಪಿಹೋಗುವುದಿಲ್ಲ. ಇಷ್ಟೆಲ್ಲ ಆದ ಮೇಲೆ, ಪುಟದ ಕೊನೆಯಲ್ಲಿ, ಹೆಚ್ಚಾಗಿ ಬೇರೆ ಶಾಯಿಯಲ್ಲಿ, ‘ಫೋಟೋದವರು’ ಎಂಬ ಒಂದೇ ಮಾತು. ಎಷ್ಟು ಜನ, ಯಾವ ಹೊತ್ತಿಗೆ, ಏನನ್ನು, ಯಾರನ್ನು ಎಂಬ ವಿವರ ಒಂದೂ ಇಲ್ಲ. ಹೋಳಿಗೆಯ ಹೂರಣಕ್ಕೆ ಕಡಲೆಬೇಳೆಯೋ ತೊಗರಿಬೇಳೆಯೋ ಎಂದು ಎರಡು ಸಂಜೆ ಚರ್ಚಿಸಿದ ಮನೆಯವರು ಇದಕ್ಕೆ ಐದು ನಿಮಿಷ ಕೊಡುವುದಿಲ್ಲ. ಹೋಳಿಗೆ ಆ ಮಧ್ಯಾಹ್ನವೇ ತೀರಿತು. ಹೂವು ಮರುದಿನ ಬಾಡಿತು. ಚಪ್ಪರವನ್ನು ಬಾಡಿಗೆಯವರು ಬಿಚ್ಚಿಕೊಂಡು ಹೋದರು. ಐವತ್ತು ವರ್ಷಗಳ ಮೇಲೂ ಮನೆಯಲ್ಲಿ ಉಳಿಯುವುದು ಪಟ್ಟಿಯ ಆ ಕೊನೆಯ ಸಾಲಿನ ಫಲ.

ಹಿಂದೆ ಹೀಗಿರಲಿಲ್ಲ. ಹಿಂದಿನವರು ನಮಗಿಂತ ಜಾಣರಾಗಿದ್ದರು ಎಂದು ನಾನು ಹೇಳಲಾರೆ. ಅವರಿಗೆ ಬೇರೆ ದಾರಿ ಇರಲಿಲ್ಲ, ಅಷ್ಟೆ. 1839ರಲ್ಲಿ ಪ್ಯಾರಿಸ್ಸಿನ ಡಾಗೇರನ ವಿಧಾನ ಜಗತ್ತಿಗೆ ತಿಳಿದ ಕೆಲವೇ ವರ್ಷಗಳಲ್ಲಿ ಕ್ಯಾಮೆರ ಭಾರತಕ್ಕೇನೋ ಬಂತು. ಆದರೆ ಅರಮನೆಗಳನ್ನೂ ಸಿರಿವಂತರನ್ನೂ ಬಿಟ್ಟರೆ ಅದು ನಮ್ಮ ಮದುವೆಯ ಚಪ್ಪರದೊಳಕ್ಕೆ ಕಾಲಿಡಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಕ್ಯಾಮೆರ ಮದುವೆಗೆ ಬರುತ್ತಿರಲಿಲ್ಲ, ಮದುವೆಯೇ ಕ್ಯಾಮೆರದ ಬಳಿಗೆ ಹೋಗುತ್ತಿತ್ತು. ಲಗ್ನ ಮುಗಿದ ಒಂದು ವಾರವೋ ತಿಂಗಳೋ ಆದ ಮೇಲೆ ಹೊಸ ದಂಪತಿಗಳು ಪಟ್ಟಣದ ಸ್ಟುಡಿಯೊಗೆ ಹೊರಡುವರು. ಅಲ್ಲಿ ಬಣ್ಣದಲ್ಲಿ ಬರೆದ ಉದ್ಯಾನ, ಬಣ್ಣದಲ್ಲಿ ಬರೆದ ಮೆಟ್ಟಿಲು, ಮುಂದೆ ಒಂದು ಕುರ್ಚಿ. ಗಂಡ ಕುಳಿತಿರುವನು, ಹೆಂಡತಿ ಕುರ್ಚಿಯ ಹಿಂಭಾಗಕ್ಕೆ ಕೈಯಿಟ್ಟು ನಿಂತಿರುವಳು. ಇಬ್ಬರ ಮುಖದಲ್ಲೂ ಪರೀಕ್ಷೆಗೆ ಕುಳಿತವರ ಗಾಂಭೀರ್ಯ. ಉಸಿರು ಬಿಗಿಹಿಡಿಯಿರಿ ಎಂದು ಹೇಳಿದವನ ಮಾತನ್ನು ಅವರು ಈಗಲೂ ಪಾಲಿಸುತ್ತಿರುವಂತೆ ಕಾಣುತ್ತದೆ. ಮದುವೆಯ ಚಿತ್ರವೆಂದರೆ ಆ ಒಂದೇ ಚಿತ್ರ.

ಛತ್ರಕ್ಕೆ ಫೋಟೋದವರು ಬರುವ ರೂಢಿ ಬೆಳೆದ ಮೇಲೂ ಚಿತ್ರಗಳ ಸಂಖ್ಯೆಗೆ ಕಟ್ಟುನಿಟ್ಟಾದ ಮಿತಿಯಿತ್ತು. 120 ಎಂಬ ಅಗಲವಾದ ಫಿಲ್ಮಿನ ಸುರುಳಿಯೊಂದಕ್ಕೆ ಚೌಕಾಕಾರದ ಚಿತ್ರಗಳು 12. ಎರಡು ಸುರುಳಿ ಎಂದರೆ 24. ಮದುವೆ ಪೂರಾ ಅಷ್ಟರಲ್ಲೇ ಮುಗಿಯಬೇಕು. ಸಣ್ಣ ಫಿಲ್ಮಿನ ಕ್ಯಾಮೆರಗಳು ಬಂದಾಗ ಸುರುಳಿಗೆ 36 ಆಯಿತು. ಆಗ ಅದೇ ಸಮೃದ್ಧಿಯೆನಿಸಿತು. ಫಿಲ್ಮು ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಪದಾರ್ಥವೂ ಆಗಿರಲಿಲ್ಲ. 1960ರಲ್ಲಿ ಊಟಿಯಲ್ಲಿ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಸ್ಥಾಪನೆಯಾಗಿ, ಅದರ ‘ಇಂದು’ ಎಂಬ ಹೆಸರಿನ ಕಪ್ಪು-ಬಿಳುಪು ಫಿಲ್ಮು ಬಂದ ಮೇಲೆ ಕೊಂಚ ಸಲೀಸಾಯಿತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಆದರೆ ಹಲವು ಮನೆಗಳ ಹಳೆಯ ಚಿತ್ರಗಳಲ್ಲಿ ಅದರ ಕೆಲಸ ಇನ್ನೂ ಮಾಸದೆ ಉಳಿದಿದೆ.

ಅಂದಿನ ಛಾಯಾಗ್ರಾಹಕನ ಕೈಯಲ್ಲಿ ಒಂದರ ಮೇಲೊಂದು ಎರಡು ಕಣ್ಣುಗಳಿದ್ದ ಪೆಟ್ಟಿಗೆ ಕ್ಯಾಮೆರ. ಅದನ್ನು ಎದೆಗೆ ತಾಗಿಸಿ ಹಿಡಿದು, ಮೇಲಿನ ಗಾಜಿನೊಳಕ್ಕೆ ತಲೆ ತಗ್ಗಿಸಿ ನೋಡಬೇಕು. ದೂರದಿಂದ ಕಂಡವರಿಗೆ ಆತ ವಧೂವರರಿಗೆ ನಮಸ್ಕಾರ ಮಾಡುತ್ತಿರುವಂತೆ ತೋರುತ್ತಿತ್ತು. ಆ ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುವುದು ಬೇರೆ. ಬೆಳಕಿಗಾಗಿ ಉರಿಸುತ್ತಿದ್ದ ಬಲ್ಬು ಒಂದು ಚಿತ್ರಕ್ಕೆ ಒಂದು. ಉರಿದ ಮೇಲೆ ಗಾಜು ಬೊಬ್ಬೆಯೆದ್ದು ನಿಷ್ಪ್ರಯೋಜಕವಾದ ಆ ಬಲ್ಬುಗಳನ್ನು ಆಯ್ದುಕೊಳ್ಳಲು ಮಕ್ಕಳು ಆತನ ಹಿಂದೆಯೇ ತಿರುಗುತ್ತಿದ್ದರು.

ಒಂದೊಂದು ಚಿತ್ರಕ್ಕೂ ಇಂತಿಷ್ಟು ಎಂದು ಬೆಲೆಯಿದ್ದಾಗ ಒಂದೊಂದು ಚಿತ್ರವೂ ಒಂದು ತೀರ್ಮಾನವಾಗುತ್ತಿತ್ತು. ಮನೆಯಲ್ಲಿ ಲೆಕ್ಕದ ಬುದ್ಧಿಯ ಸೋದರಮಾವನೊಬ್ಬ ಹಿಂದಿನ ದಿನವೇ ಗೊತ್ತುಮಾಡಿರುತ್ತಿದ್ದ: ವರಪೂಜೆಗೆ ಎರಡು, ಕಾಶೀಯಾತ್ರೆಗೆ ಒಂದು, ತೆರೆ ಸರಿಯುವಾಗ ಒಂದು, ಧಾರೆಗೆ ಎರಡು, ಮಾಂಗಲ್ಯಕ್ಕೆ ಎರಡು, ಸಪ್ತಪದಿಗೆ ಒಂದು. ಮಾಂಗಲ್ಯಕ್ಕೆ ಎರಡು ಏಕೆಂದರೆ ಒಂದರಲ್ಲಿ ಯಾರಾದರೂ ಅಡ್ಡ ಬಂದೇ ಬರುತ್ತಾರೆ. ಉಳಿದವು ಗುಂಪಿನ ಚಿತ್ರಗಳಿಗೆ. ಕುರ್ಚಿಗಳ ಒಂದು ಸಾಲು, ಅದರಲ್ಲಿ ಹಿರಿಯರು, ಹಿಂದೆ ನಿಂತವರು, ಮುಂದೆ ಜಮಖಾನದ ಮೇಲೆ ಕಾಲು ಮಡಿಸಿ ಕುಳಿತ ಮಕ್ಕಳು. ಆ ಸಾಲಿನಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ಸಂಬಂಧಗಳ ಸೂಕ್ಷ್ಮವನ್ನೆಲ್ಲ ಬಲ್ಲವರು ಮಾತ್ರ ಬಿಡಿಸಬಹುದಾದ ಲೆಕ್ಕ. ಎರಡು ಸುರುಳಿಗಳ ಆ ಬಡತನವೇ ಯೋಚನೆಯನ್ನು ಒತ್ತಾಯದಿಂದ ಮಾಡಿಸುತ್ತಿತ್ತು.

ಆ ಯೋಚನೆಯಲ್ಲಿ ಯಾರು ಸೇರಿದ್ದರು, ಯಾರು ಸೇರಿರಲಿಲ್ಲ ಎಂಬುದು ಬೇರೆ ಮಾತು. ಹಳೆಯ ಆಲ್ಬಮ್ಮುಗಳನ್ನು ಹೊಗಳುವಾಗ ಇದನ್ನು ಮರೆಯಬಾರದು. ನನಗೆ ಬೇಕಾದವರ ಮನೆಯಲ್ಲಿ ಐವತ್ತರ ದಶಕದ ಮದುವೆಯೊಂದರ ಆಲ್ಬಂ ಇದೆ. ಕಪ್ಪು ಕಾಗದದ ಪುಟಗಳು, ಮೂಲೆಗಳಲ್ಲಿ ಅಂಟಿನ ಪುಟ್ಟ ತ್ರಿಕೋನಗಳು, ನಡುನಡುವೆ ಜೇಡರ ಬಲೆಯಂಥ ಗೆರೆಗಳ ತೆಳುಗಾಗದ. ಮದುವಣಗಿತ್ತಿಯ ತಾಯಿ ಆ ವೇಳೆಗೆ ಗಂಡನನ್ನು ಕಳೆದುಕೊಂಡಿದ್ದರು. ಮಗಳಿಗೆ ಗಂಡು ಹುಡುಕಿದವರು ಆಕೆ, ಒಡವೆ ಮಾರಿ ಹಣ ಹೊಂದಿಸಿದವರು ಆಕೆ, ಹಪ್ಪಳ ಸಂಡಿಗೆಗೆ ತಿಂಗಳುಗಟ್ಟಲೆ ಬಿಸಿಲು ಕಾದವರೂ ಆಕೆಯೇ. ಆದರೆ ಅಂದಿನ ಕಟ್ಟಳೆ ಆಕೆಯನ್ನು ಮಂಟಪದ ಹತ್ತಿರಕ್ಕೆ ಬಿಡಲಿಲ್ಲ. ಧಾರೆಯೆರೆದವರು ಚಿಕ್ಕಪ್ಪ ಚಿಕ್ಕಮ್ಮ. 24 ಚಿತ್ರಗಳಲ್ಲಿ ಆಕೆ ಎಲ್ಲಿಯೂ ಇಲ್ಲ. ಒಂದು ಚಿತ್ರದಲ್ಲಿ ಮಾತ್ರ, ಎಡತುದಿಯಲ್ಲಿ, ಕಂಬದ ಮರೆಯಿಂದ ಹೂವಿನ ತಟ್ಟೆಯನ್ನು ಚಾಚಿದ ಒಂದು ಕೈ ಕಾಣುತ್ತದೆ, ಬಳೆಯಿಲ್ಲದ ಮುಂಗೈ. ಮಗಳು ತನ್ನ ಮುಪ್ಪಿನಲ್ಲಿ ಆ ಚಿತ್ರವನ್ನು ತೋರಿಸಿ, “ಇದು ನಮ್ಮಮ್ಮ” ಎನ್ನುತ್ತಿದ್ದರು. ಬಂದವರು ಎಷ್ಟೋ ಸಲ ನಡುವೆ ನಿಂತ ಬೇರೆ ಯಾರನ್ನೋ ನೋಡಿ ತಲೆಯಾಡಿಸುತ್ತಿದ್ದರು.

ಈಗ ಕೊರತೆಯ ಮಾತು ಹೋಯಿತು. ಎಂಬತ್ತರ ದಶಕದಲ್ಲಿ ವೀಡಿಯೊ ಬಂತು. ಅದರೊಂದಿಗೆ ಉರಿಯುವ ದೀಪವನ್ನು ಎತ್ತಿಹಿಡಿದ ಹುಡುಗ ಬಂದ. ಹೋಮದ ಬಿಸಿ ಸಾಲದೆಂಬಂತೆ ಆ ದೀಪದ ಬಿಸಿಯಲ್ಲಿ ಮದುಮಕ್ಕಳ ಮುಖದ ಕುಂಕುಮ ಕರಗಿತು. ಈ ಶತಮಾನದ ಮೊದಲ ದಶಕದಲ್ಲಿ ಫಿಲ್ಮೇ ಕಣ್ಮರೆಯಾಗತೊಡಗಿತು. ಜಗತ್ತಿಗೆಲ್ಲ ಫಿಲ್ಮು ಮಾರಿದ ಕೊಡಾಕ್ ಕಂಪನಿ 2012ರ ಜನವರಿಯಲ್ಲಿ ದಿವಾಳಿತನದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ಈಗ ಒಂದು ಮದುವೆಗೆ ಸಾವಿರಗಟ್ಟಲೆ ಚಿತ್ರಗಳು. ಆದರೆ ಕೊರತೆಯ ಜೊತೆಗೆ ಯೋಚನೆಯೂ ಹೊರಟುಹೋಗಿದೆ. ಎಲ್ಲವನ್ನೂ ತೆಗೆಯುತ್ತಾರಲ್ಲ, ಬೇಕಾದ್ದು ಅದರೊಳಗೆ ಇದ್ದೇ ಇರುತ್ತದೆ ಎಂಬ ಭರವಸೆ. ಇರುವುದಿಲ್ಲ. ಮದುಮಗಳ ಕೈಯ ಮೆಹಂದಿಯ ನಲವತ್ತು ಚಿತ್ರಗಳಿರುತ್ತವೆ. ತಾತ ಕಣ್ಣೊರೆಸಿಕೊಂಡದ್ದು ಇರುವುದಿಲ್ಲ. ಆರತಕ್ಷತೆಯ ಸಾಲಿನಲ್ಲಿ ಗಂಟೆ ಕಾದು ಬಂದು, ಲಕೋಟೆ ಕೊಟ್ಟು, ಕ್ಯಾಮೆರದತ್ತ ಹಲ್ಲು ತೋರಿಸಿ ಇಳಿದವರ ನಾನೂರು ಚಿತ್ರಗಳಿರುತ್ತವೆ. ಮೂವರು ಸೋದರರು ಒಟ್ಟಿಗೆ ನಿಂತ ಒಂದು ಚಿತ್ರ ಇರುವುದಿಲ್ಲ. ಆ ಹೊತ್ತಿಗೆ ಒಬ್ಬ ಉಗ್ರಾಣದಲ್ಲಿದ್ದ, ಒಬ್ಬ ಬಸ್ಸಿನವನೊಡನೆ ಜಗಳವಾಡುತ್ತಿದ್ದ, ಮೂರನೆಯವನು ಎಲ್ಲಿದ್ದನೆಂದು ಅವನಿಗೇ ತಿಳಿಯದು.

ಹಾಗಾದರೆ ಮುಂಚಿತವಾಗಿ ಏನನ್ನು ಯೋಚಿಸಬೇಕು? ಮೊದಲು ಪಂಚಾಂಗ. ಆಷಾಢದಲ್ಲಿ ಮದುವೆಯಿಲ್ಲ, ಪಿತೃಪಕ್ಷದಲ್ಲಿಲ್ಲ, ಧನುರ್ಮಾಸದಲ್ಲಿಲ್ಲ. ಗುರು ಶುಕ್ರರ ಮೌಢ್ಯ ಬಂದರೆ ಮತ್ತಷ್ಟು ದಿನ ಹೋಯಿತು. 2024ರಲ್ಲಿ ಮೇ, ಜೂನ್ ತಿಂಗಳುಗಳೇ ಹೀಗೆ ಹೆಚ್ಚುಕಡಮೆ ಬರಿದಾದುವು. ಉಳಿದ ಕೆಲವೇ ಶುಭದಿನಗಳ ಮೇಲೆ ಊರಿನ ಎಲ್ಲ ಮದುವೆಗಳೂ ಬಂದು ಬೀಳುತ್ತವೆ. ಛತ್ರವನ್ನು ಹಿಡಿದ ದಿನವೇ ಛಾಯಾಗ್ರಾಹಕನನ್ನೂ ಹಿಡಿಯಬೇಕೆಂಬುದಕ್ಕೆ ಇದೇ ಕಾರಣ. ಹಿಡಿಯುವಾಗ ಒಂದು ಎಚ್ಚರ ಅಗತ್ಯ. ಮುಹೂರ್ತ ದಟ್ಟವಾದ ದಿನ ಒಂದೇ ಅಂಗಡಿಯ ಹೆಸರಿನಲ್ಲಿ ನಾಲ್ಕು ಮದುವೆಗಳಿಗೆ ನಾಲ್ವರು ಹೋಗುವುದುಂಟು. ತಾವು ಮೆಚ್ಚಿದ ಆಲ್ಬಂ ಒಬ್ಬರದು, ಬಂದು ನಿಂತವರು ಇನ್ನೊಬ್ಬರು. ‘ನಮ್ಮ ಮನೆಗೆ ಬರುವ ಕೈ ಯಾವುದು?’ ಎಂದು ಮೊದಲೇ ಕೇಳುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ. ಆರಿಸಿ ಜೋಡಿಸಿದ ಹತ್ತು ಚಿತ್ರಗಳನ್ನು ನೋಡಿ ಒಪ್ಪುವುದಕ್ಕಿಂತ, ಒಂದು ಮದುವೆಯ ಚಿತ್ರಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ಒಪ್ಪುವುದು ಲೇಸು. ಹತ್ತು ಒಳ್ಳೆಯ ಚಿತ್ರಗಳು ಅದೃಷ್ಟದಿಂದಲೂ ಬಂದಾವು.

ಎರಡನೆಯದು, ಆತನಿಗೆ ನಮ್ಮ ಮದುವೆಯ ಪರಿಚಯ. ಇದರ ಬಗ್ಗೆ ಕೊಂಚ ವಿಸ್ತಾರವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ ಕನ್ನಡನಾಡಿನಲ್ಲಿ ಮದುವೆಯೆಂಬುದು ಒಂದಲ್ಲ. ಹಳೆಯ ಮೈಸೂರಿನ ಕಡೆ ಧಾರೆಯೇ ಪ್ರಧಾನವಾದ ಮನೆಗಳಲ್ಲಿ, ಜೋಡಿಸಿದ ಕೈಗಳ ಮೇಲೆ ನೆಂಟರೆಲ್ಲ ಒಬ್ಬೊಬ್ಬರಾಗಿ ಹಾಲೆರೆಯುತ್ತಾರೆ. ಆ ಒಂದೊಂದು ಮುಖವೂ ಒಂದೊಂದು ಚಿತ್ರ. ಉತ್ತರ ಕರ್ನಾಟಕದಲ್ಲಿ ಐದು ಕಡೆ ತಂಬಿಗೆಗಳನ್ನಿಟ್ಟು ನೂಲು ಸುತ್ತಿ, ಒಳಗೆ ಕೂರಿಸಿ ನೀರೆರೆಯುವ ಸುರಗಿಯ ಸಂಭ್ರಮ ಅಕ್ಷತೆಗೆ ಮೊದಲೇ ಮುಗಿದಿರುತ್ತದೆ. ಲಗ್ನದ ಹೊತ್ತಿಗೆ ಬಂದವನಿಗೆ ಅದು ಕಾಣಸಿಗದು. ಕೊಡವರ ಮದುವೆಯಲ್ಲಿ ಹೋಮವೂ ಇಲ್ಲ, ಪುರೋಹಿತರೂ ಇಲ್ಲ. ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ತಳಿದು ಹರಸುತ್ತಾರೆ. ಅಲ್ಲಿನ ಅತಿ ಸುಂದರವಾದ ಭಾಗ ಕೊನೆಯಲ್ಲಿ ಬರುವ ಗಂಗಾಪೂಜೆ. ಬಾವಿಯಿಂದ ನೀರು ಹೊತ್ತು ಬರುವ ಮದುವಣಗಿತ್ತಿಯ ದಾರಿಗೆ ಅಡ್ಡವಾಗಿ ಗಂಡಿನ ಕಡೆಯವರು ವಾದ್ಯದ ಗತಿಗೆ ಕುಣಿಯುತ್ತಾರೆ. ಆಕೆ ಕೊಡ ಹೊತ್ತು, ತಾಳ್ಮೆಯಿಂದ, ಹೆಜ್ಜೆ ಹೆಜ್ಜೆಯಾಗಿ ಮುಂದುವರಿಯಬೇಕು. ಗಂಟೆಗಟ್ಟಲೆ ನಡೆದರೂ ನಡೆಯಿತು. ಊಟವಾದೊಡನೆ ಚೀಲ ಕಟ್ಟಿದ ಛಾಯಾಗ್ರಾಹಕ ಇದನ್ನು ಕಾಣಲಾರ. ಮುಸಲ್ಮಾನರ ನಿಕಾಹಿನಲ್ಲಿ ಗಂಡಿನ ಕಡೆಯ ಸಭೆ ಒಂದೆಡೆ, ಹೆಣ್ಣುಮಕ್ಕಳ ಸಭೆ ಇನ್ನೊಂದೆಡೆ ಇರುವ ಮನೆಗಳಲ್ಲಿ ಕ್ಯಾಮೆರ ಹಿಡಿದ ಹೆಣ್ಣುಮಗಳೊಬ್ಬಳನ್ನು ಮೊದಲೇ ಗೊತ್ತುಮಾಡದಿದ್ದರೆ ಅರ್ಧ ಮದುವೆಯೇ ದಾಖಲಾಗದೆ ಹೋಗುತ್ತದೆ. ಇಗರ್ಜಿಯಲ್ಲಿ ಕ್ಯಾಮೆರ ಎಲ್ಲಿಯವರೆಗೆ ಬರಬಹುದೆಂಬುದನ್ನು ಪಾದ್ರಿಗಳನ್ನೇ ಕೇಳಿ ತಿಳಿಯಬೇಕು.

ಒಂದೇ ಗಳಿಗೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಂತರಪಟ. ವಧೂವರರ ನಡುವೆ ಬಿಳಿಯ ತೆರೆ; ಅದರ ಎರಡು ತುದಿಗಳನ್ನು ಇಬ್ಬರು ಹಿಡಿದಿರುತ್ತಾರೆ; ಎರಡೂ ಕಡೆಯವರ ಅಂಗೈಯಲ್ಲಿ ಜೀರಿಗೆ ಬೆಲ್ಲ; ಮಂಗಲಾಷ್ಟಕ ನಡೆಯುತ್ತಿದೆ. ತೆರೆ ಸರಿದ ಕ್ಷಣದಲ್ಲಿ ಒಬ್ಬರ ತಲೆಯ ಮೇಲೊಬ್ಬರು ಅದನ್ನು ಹಾಕುತ್ತಾರೆ. ಆ ಒಂದು ಕ್ಷಣದಲ್ಲಿ ಎರಡು ಮುಖಗಳ ಮೇಲೆ ಏನು ಹಾದುಹೋಗುತ್ತದೆಯೋ ಅದು ಮತ್ತೆ ಬರುವುದಿಲ್ಲ. ಛಾಯಾಗ್ರಾಹಕ ವರನ ಬೆನ್ನ ಹಿಂದೆ ನಿಂತಿದ್ದರೆ ಅವನಿಗೆ ಪೇಟದ ಹಿಂಭಾಗ ಸಿಕ್ಕೀತು. ತೆರೆಯ ಅಂಚಿನ ನೇರಕ್ಕೆ, ಪಕ್ಕದಲ್ಲಿ ನಿಂತಿದ್ದರೆ ಮಾತ್ರ ಎರಡು ಮುಖಗಳೂ ಸಿಕ್ಕಾವು. ಆದರೆ ಆ ಜಾಗದಲ್ಲಿ ಆಗಲೇ ಇಬ್ಬರು ಅತ್ತೆಯರು, ಒಬ್ಬ ಭಾವಮೈದುನ, ಮೊಬೈಲು ಎತ್ತಿಹಿಡಿದ ಆರು ಕೈಗಳು. ಆ ಮೂರಡಿ ಜಾಗವನ್ನು ಬಿಡಿಸಿಕೊಡಬೇಕಾದವರು ಮನೆಯವರು. ಹಿಂದಿನ ಸಂಜೆಯೇ, ಪ್ರೀತಿಯಿಂದ, ಹೆಸರು ಹಿಡಿದು ಹೇಳಿಡಬೇಕು. ಮುಹೂರ್ತದ ಹೊತ್ತಿನಲ್ಲಿ ಗದರಿದರೆ ಆ ಗದರಿಕೆಯೂ ಮದುವೆಯ ನೆನಪಾಗಿ ಉಳಿಯುತ್ತದೆ.

ಮಾಂಗಲ್ಯಧಾರಣೆಯದು ಇನ್ನೂ ಕಷ್ಟ. ಗಟ್ಟಿಮೇಳ ಮೊಳಗಿದೊಡನೆ ಸಭೆಯೆಲ್ಲ ಎದ್ದು ನಿಲ್ಲುತ್ತದೆ, ಅಕ್ಷತೆ ಮಳೆಯಂತೆ ಬೀಳುತ್ತದೆ, ನಾದಿನಿಯ ಕೈ ಹಿಂದಿನಿಂದ ಗಂಟು ಬಿಗಿಯಲು ಬರುತ್ತದೆ. ಪುರೋಹಿತರೊಡನೆ ಮೊದಲೇ ಎರಡು ಮಾತನಾಡಿದ್ದ ಛಾಯಾಗ್ರಾಹಕನಿಗೆ ಯಾವ ಮಂತ್ರವಾದ ಮೇಲೆ ಕೈ ಮೇಲೇಳುತ್ತದೆಂದು ಗೊತ್ತಿರುತ್ತದೆ, ಅವನು ಸಿದ್ಧನಾಗಿರುತ್ತಾನೆ. ಮಾತನಾಡದವನು ತಪ್ಪಿಸಿಕೊಂಡು, ‘ಸ್ವಾಮಿ, ಇನ್ನೊಂದು ಸಲ ಕಟ್ಟಿ’ ಎನ್ನುತ್ತಾನೆ. ವರನೂ ವಿಧೇಯನಾಗಿ ಕೈಯೆತ್ತಿ ಕಟ್ಟಿದಂತೆ ನಟಿಸುತ್ತಾನೆ. ಶಾಸ್ತ್ರದಲ್ಲಿ ಇದಕ್ಕೆ ಪ್ರಾಯಶ್ಚಿತ್ತವಿದೆಯೋ ಇಲ್ಲವೋ ಅರಿಯೆ; ನೋಡುವವರ ಮನಸ್ಸಿಗೆ ಮಾತ್ರ ಇದು ಚೆನ್ನಲ್ಲ. ಚಿತ್ರವೂ ಚೆನ್ನಾಗಿರುವುದಿಲ್ಲ: ಮದುಮಗಳ ಕಣ್ಣಿನಲ್ಲಿ ಮೊದಲ ಸಲ ತುಂಬಿದ್ದ ನೀರು ಎರಡನೆಯ ಸಲಕ್ಕೆ ಆರಿಹೋಗಿರುತ್ತದೆ.

ಬೆಳಕಿನ ವಿಚಾರವೂ ಹೀಗೆಯೇ. ಮನೆಯ ಅಂಗಳದ ಚಪ್ಪರದಲ್ಲಿ ಪೂರ್ವಾಭಿಮುಖವಾಗಿ ಕುಳಿತ ದಂಪತಿಗಳ ಮುಖದ ಮೇಲೆ ಬೆಳಗಿನ ಬಿಸಿಲು ತಾನಾಗಿ ಬೀಳುತ್ತಿತ್ತು. ಈಗಿನ ಕಲ್ಯಾಣಮಂಟಪಗಳಲ್ಲಿ ವೇದಿಕೆಯ ಹಿಂದೆ ಕಿಟಕಿಯೋ ಕಣ್ಣು ಕೋರೈಸುವ ದೀಪಾಲಂಕಾರವೋ ಇದ್ದು, ಮುಂದಿರುವವರ ಮುಖ ಕಪ್ಪಾಗುತ್ತದೆ. ಅಲಂಕಾರದವರೂ ಛಾಯಾಗ್ರಾಹಕರೂ ಒಂದು ಗಳಿಗೆ ಛತ್ರದಲ್ಲಿ ಭೇಟಿಯಾದರೆ ತೀರುವ ತೊಂದರೆ ಇದು. ಅವರನ್ನು ಭೇಟಿ ಮಾಡಿಸುವವರು ಇಲ್ಲ.

ಈಗ ಜನರ ಪಟ್ಟಿ. ನನ್ನ ಮಟ್ಟಿಗೆ ಇದೇ ಮುಖ್ಯ. ಯಾವ ಯಾವ ಶಾಸ್ತ್ರ ಎಂಬುದನ್ನು ಅನುಭವಸ್ಥ ಛಾಯಾಗ್ರಾಹಕ ತಾನೇ ಊಹಿಸಿಕೊಂಡಾನು. ಯಾರು ಯಾರಿಗೆ ಏನಾಗಬೇಕೆಂಬುದನ್ನು ಊಹಿಸಲಾರ. ಅವನ ಕಣ್ಣಿಗೆ ರೇಷ್ಮೆಯುಟ್ಟವರೆಲ್ಲ ಬೀಗರು. ಮೂಲೆಯ ಕುರ್ಚಿಯಲ್ಲಿ ನೂಲಿನ ಸೀರೆಯುಟ್ಟು ಕುಳಿತವರು ಯಾರೋ ಮುದುಕಿ. ಆಕೆ ಮದುಮಗನನ್ನು ಎರಡು ವರ್ಷ ಎತ್ತಿ ಆಡಿಸಿದ ದೊಡ್ಡಮ್ಮನೆಂದು ಹೇಳಬೇಕಾದವರು ನಾವು. ಒಂದು ಹಾಳೆಯಲ್ಲಿ, ಹದಿನೈದಕ್ಕೆ ಮೀರದಂತೆ, ಬೇಕೇ ಬೇಕಾದ ಗುಂಪುಗಳನ್ನು ಬರೆದಿಡುವುದು ಒಳ್ಳೆಯದು. ಅಜ್ಜಿ ತಾತಂದಿರ ಹೆಸರು ಮೊದಲು. ಒಂಟಿಯಾಗಿ ಉಳಿದ ಅತ್ತೆ, ಚಿಕ್ಕಮ್ಮ, ತಾಯಿ ಇವರ ಹೆಸರುಗಳನ್ನು ಪ್ರತ್ಯೇಕವಾಗಿ, ಎದ್ದು ಕಾಣುವಂತೆ ಬರೆಯಬೇಕು. ಅವರಾಗಿ ವೇದಿಕೆ ಹತ್ತುವುದಿಲ್ಲ, ಕರೆದರೂ ‘ನನ್ನದೇನು ಬಿಡು’ ಎನ್ನುತ್ತಾರೆ. ಕಂಬದ ಮರೆಯ ಕೈಯ ಕಾಲ ಪೂರ್ತಿ ಮುಗಿಯಿತೆಂದು ಹೇಳುವ ಧೈರ್ಯ ನನಗಿಲ್ಲ. ಈಗಲೂ ಎಷ್ಟೋ ಮದುವೆಗಳಲ್ಲಿ ಆರತಿಯ ಹೊತ್ತಿಗೆ ಹಿಂದೆ ಸರಿಯುವವರನ್ನು ತಾವೂ ಕಂಡಿರುತ್ತೀರಿ. ಅವರನ್ನು ಕೈಹಿಡಿದು ಕರೆತಂದು ನಡುವಿನ ಕುರ್ಚಿಯಲ್ಲಿ ಕೂರಿಸುವುದನ್ನು ಯಾರಾದರೂ ಒಬ್ಬರು ತಮ್ಮ ಕೆಲಸವೆಂದು ಮೊದಲೇ ವಹಿಸಿಕೊಂಡಿರಬೇಕು. ಅಡಿಗೆಯವರ, ಮನೆಗೆಲಸದವರ, ಉಗ್ರಾಣದ ಬೀಗದಕೈ ಹಿಡಿದವರ ಒಂದು ಚಿತ್ರವೂ ಪಟ್ಟಿಯಲ್ಲಿರಲಿ. ಅದರ ಪ್ರತಿಯನ್ನು ಅವರಿಗೂ ತಲುಪಿಸಿದರೆ ಅವರ ಮನೆಯ ಗೋಡೆಯ ಮೇಲೂ ಅದು ಬಹಳ ಕಾಲ ಇದ್ದೀತು.

ಈ ಗುಂಪಿನ ಚಿತ್ರಗಳಿಗೆ ಹೊತ್ತು ಯಾವುದು? ತಾಳಿಯಾದ ಮೇಲೆ, ಊಟಕ್ಕೆ ಮೊದಲು ಎಂಬ ರೂಢಿ ವಯಸ್ಸಾದವರಿಗೆ ಶಿಕ್ಷೆ. ಸಕ್ಕರೆ ಕಾಯಿಲೆಯವರು ಅಷ್ಟು ಹೊತ್ತು ಹಸಿದಿರಲಾರರು. ಮೊದಲ ಪಂಕ್ತಿಯ ಎಲೆ ಹಾಕಿದ ಮೇಲೆ ಯಾರನ್ನೂ ಹಿಡಿದು ನಿಲ್ಲಿಸಲಾಗದು. ವರಪೂಜೆಯ ಸಂಜೆ ಇದಕ್ಕೆ ತಕ್ಕ ಕಾಲವೆಂದು ನನ್ನ ಅಭಿಪ್ರಾಯ. ನೆಂಟರು ಬಂದಿರುತ್ತಾರೆ, ದಣಿದಿರುವುದಿಲ್ಲ, ಸೀರೆ ಇನ್ನೂ ಮುದುಡಿರುವುದಿಲ್ಲ, ಬೀಗರ ನಡುವೆ ಮುನಿಸು ಇನ್ನೂ ಹುಟ್ಟಿರುವುದಿಲ್ಲ. ಎತ್ತರದ ಧ್ವನಿಯ, ಎರಡೂ ಕಡೆಯವರನ್ನು ಬಲ್ಲ ಒಬ್ಬರನ್ನು ನೇಮಿಸಿ ಪಟ್ಟಿಯನ್ನು ಅವರ ಕೈಗೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ.

ಮದುವೆಗೆ ಮುಂಚೆಯೇ ಬೆಟ್ಟ ಹೊಳೆಗಳಲ್ಲಿ ಚಿತ್ರ ತೆಗೆಸಿಕೊಳ್ಳುವ ಈಚಿನ ಪದ್ಧತಿಯ ಬಗ್ಗೆ ನನಗೆ ಹೆಚ್ಚಿನ ತಕರಾರಿಲ್ಲ. ಇಬ್ಬರು ಅಪರಿಚಿತರು ಒಂದು ಹಗಲು ಒಟ್ಟಿಗೆ ಅಲೆದು ಮಾತನಾಡಿಕೊಳ್ಳುವುದಾದರೆ ಅದು ಒಳ್ಳೆಯದೇ. ಆದರೆ 2020ರ ನವೆಂಬರಿನಲ್ಲಿ ತಲಕಾಡಿನ ಬಳಿ ಕಾವೇರಿಯ ಮೇಲೆ ತೆಪ್ಪದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳಲು ಹೋದ ವಧೂವರರಿಬ್ಬರೂ ಹೊಳೆಯ ಪಾಲಾದರು. ಕೆಲವೇ ದಿನಗಳಲ್ಲಿ ನಡೆಯಬೇಕಾಗಿದ್ದ ಮದುವೆ. 2024ರಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸೆಯ ಕೋಣೆಯನ್ನೇ ಇದಕ್ಕೆ ಬಳಸಿದ ಗುತ್ತಿಗೆ ವೈದ್ಯರೊಬ್ಬರು ಕೆಲಸ ಕಳೆದುಕೊಂಡರು. ಎಲ್ಲಿ ನಿಲ್ಲಬೇಕೆಂಬುದನ್ನು ಛಾಯಾಗ್ರಾಹಕನ ಉತ್ಸಾಹಕ್ಕೆ ಬಿಡದೆ, ಆ ನೀರನ್ನು ಬಲ್ಲ ಊರವರನ್ನು ಕೇಳಿ ನಿರ್ಧರಿಸಬೇಕು. ಮಂಟಪದ ಮೇಲೆ ಹಾರಿಸುವ ಡ್ರೋನಿಗೂ 2021ರ ನಿಯಮಾವಳಿಯಿದೆ: 250 ಗ್ರಾಮಿಗೆ ಮೇಲ್ಪಟ್ಟ ಯಂತ್ರವನ್ನು ವೃತ್ತಿಗಾಗಿ ಹಾರಿಸುವವನಲ್ಲಿ ಪ್ರಮಾಣಪತ್ರವಿರಬೇಕು, ವಿಮಾನನಿಲ್ದಾಣದ ಆಸುಪಾಸಿನಲ್ಲಿ ನಿರ್ಬಂಧವಿದೆ.

ಹಣದ ಮಾತು ಕಾಗದದ ಮೇಲಿರಬೇಕು. ಎಷ್ಟು ಹೊತ್ತು, ಎಷ್ಟು ಜನ, ಆಲ್ಬಂ ಎಂದಿಗೆ, ತಡವಾದರೆ ಏನು, ಬರಬೇಕಾದವರು ಕಾಯಿಲೆ ಬಿದ್ದರೆ ಬದಲಿ ಯಾರು. ಮುಂಗಡ ಪಡೆದು ಆಲ್ಬಂ ಕೊಡದವರ ಮೇಲೆ ಗ್ರಾಹಕ ಆಯೋಗಗಳಲ್ಲಿ ಪರಿಹಾರ ಪಡೆದವರಿದ್ದಾರೆ. ಅವರಿಗೆ ನೆರವಾದದ್ದು ರಸೀತಿ. ಅನೇಕರಿಗೆ ತಿಳಿಯದ ಇನ್ನೊಂದು ಸಂಗತಿ: 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಕಲಮಿನ ಪ್ರಕಾರ, ಪ್ರತಿಫಲ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕು, ವಿರುದ್ಧವಾದ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದೇ. ತಮ್ಮ ಮನೆಯ ಹೆಣ್ಣುಮಗಳ ಚಿತ್ರ ಅಂಗಡಿಯ ಜಾಹೀರಾತಾಗುವುದು ಇಷ್ಟವಿಲ್ಲದವರು ಅದನ್ನು ಮೊದಲೇ ಬರೆದುಕೊಳ್ಳಬಹುದು. ಹಿಂದೆ ನೆಗೆಟಿವುಗಳನ್ನು ಸ್ಟುಡಿಯೊದವರೇ ಇಟ್ಟುಕೊಳ್ಳುತ್ತಿದ್ದರು. ಸ್ಟುಡಿಯೊ ಮುಚ್ಚಿದಾಗ ಅವು ರದ್ದಿಯ ಜೊತೆ ಹೋದುವು. ಈಗಿನ ಮೂಲಪ್ರತಿಗಳನ್ನಾದರೂ ಕೇಳಿ ಪಡೆಯಬೇಕು.

ಪಡೆದ ಮೇಲೆ ಉಳಿಸುವುದು ಹೇಗೆ? ಬೆಳ್ಳಿಯ ಕಣಗಳಿಂದಾದ ಕಪ್ಪು-ಬಿಳುಪು ಚಿತ್ರಗಳು ಎಪ್ಪತ್ತು ವರ್ಷದ ಮೇಲೂ ನಿಚ್ಚಳವಾಗಿವೆ. ಅವುಗಳ ಅನಂತರ ಬಂದ ಬಣ್ಣದ ಚಿತ್ರಗಳು ಕೆಂಪಡರಿ ಮಂಕಾಗಿವೆ, ಬಣ್ಣದ ರಾಸಾಯನಿಕಗಳೇ ಅಳಿಯುವಂಥವು. ಅಂಟು ಪುಟಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದ ಆಲ್ಬಮ್ಮುಗಳು ಚಿತ್ರವನ್ನು ಹಳದಿಗಟ್ಟಿಸಿ ಬಿಡಿಸಲಾಗದಂತೆ ಹಿಡಿದುಕೊಂಡಿವೆ. ಮಲೆನಾಡಿನ ಮನೆಗಳಲ್ಲಿ ನೆಗೆಟಿವಿನ ಮೇಲೆ ಬೂಷ್ಟು ಬೆಳೆದಿದೆ. ಇಪ್ಪತ್ತು ವರ್ಷದ ಹಿಂದೆ ಸಿ.ಡಿ.ಯಲ್ಲಿ ತುಂಬಿಸಿಕೊಂಡವರಿಗೆ ಈಗ ಅದನ್ನು ಹಾಕಿ ನೋಡುವ ಯಂತ್ರವೇ ಮನೆಯಲ್ಲಿಲ್ಲ. ಆದ್ದರಿಂದ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನ ಮನೆಯಲ್ಲಿ ಎಂಬುದು ತಿಳಿದವರ ಸಲಹೆ. ಅದರ ಜೊತೆಗೆ ಸಾವಿರಗಳಲ್ಲಿ ಆರಿಸಿದ ನೂರನ್ನು ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿಸುವುದು. ಕಾಗದವನ್ನು ನೋಡಲು ವಿದ್ಯುತ್ತು ಬೇಕಿಲ್ಲ, ಗುಟ್ಟಿನ ಪದವೂ ಬೇಕಿಲ್ಲ.

ಇನ್ನೊಂದು ಕೆಲಸ ಛಾಯಾಗ್ರಾಹಕನಿಂದ ಆಗುವಂಥದಲ್ಲ. ಹಳೆಯ ಗುಂಪಿನ ಚಿತ್ರಗಳನ್ನು ಮುಂದಿಟ್ಟುಕೊಂಡು ಕುಳಿತರೆ, ಎರಡನೆಯ ಸಾಲಿನ ಎಡದಿಂದ ನಾಲ್ಕನೆಯವರು ಯಾರೆಂದು ಹೇಳುವವರು ಈಗ ಎಷ್ಟೋ ಮನೆಗಳಲ್ಲಿ ಇಲ್ಲ. ಆಲ್ಬಂ ಕೈಗೆ ಬಂದ ವಾರದಲ್ಲೇ ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಮುಖಕ್ಕೂ ಹೆಸರು, ಊರು, ಸಂಬಂಧ ಕೇಳಿ, ಮೆತ್ತನೆಯ ಪೆನ್ಸಿಲಿನಿಂದ ಚಿತ್ರದ ಹಿಂಬದಿಯಲ್ಲೋ ಆಲ್ಬಮ್ಮಿನ ಅಂಚಿನಲ್ಲೋ ಬರೆಯಬೇಕು. ಬಾಲ್‌ಪೆನ್ ಬೇಡ, ಅದರ ಒತ್ತು ಮುಂಭಾಗಕ್ಕೆ ಮೂಡುತ್ತದೆ. ಅದಕ್ಕೆ ಒಂದು ಮಧ್ಯಾಹ್ನ ಹಿಡಿಯುತ್ತದೆ. ಅರಿಸಿನ ಕುಂಕುಮದ ಪಟ್ಟಿ ಬರೆಯುವ ದಿನವೇ ಆ ಮಧ್ಯಾಹ್ನವನ್ನೂ ಅದರಲ್ಲಿ ಸೇರಿಸಿಬಿಡಬಹುದು.